ಶನಿವಾರದ ಬಟವಾಡೆ, ಮಾರ್ಚ್ ತಿಂಗಳ ಬಿಲ್ಲು: ಕಾರ್ಮಿಕರ ಗುತ್ತಿಗೆ ಸಹಕಾರ ಸಂಘ ನಡೆಯುವುದು ಹೇಗೆ, ಮುಗ್ಗರಿಸುವುದು ಎಲ್ಲಿ

ಕಾರವಾರದಿಂದ ಭಟ್ಕಳದವರೆಗೆ ಯಾವ ಊರಿಗೆ ಹೋದರೂ ಒಂದು ಗಟಾರ, ಒಂದು ಪಾಗಾರ, ಒಂದು ಕಾಲುಸಂಕ, ಇಲ್ಲವೇ ಗಜನಿಯ (ಅಳಿವೆಯ ಅಂಚಿನ ತಗ್ಗು ಗದ್ದೆಯ) ಒಡ್ಡು ಎಂದು ಸರ್ಕಾರಿ ಕಾಮಗಾರಿ ನಡೆಯುತ್ತಲೇ ಇರುತ್ತದೆ. ಗುದ್ದಲಿ ಹಿಡಿದ ಕೈ ಒಬ್ಬರದು, ಬಿಲ್ಲಿನ ಮೇಲಿನ ಹೆಸರು ಇನ್ನೊಬ್ಬರದು. ಈ ನಡುವಿನವನನ್ನು ಬಿಟ್ಟು, ದುಡಿಯುವವರೇ ಸಂಘ ಕಟ್ಟಿಕೊಂಡು ಇಲಾಖೆಯ ಜತೆ ನೇರ ಕರಾರು ಮಾಡಿಕೊಳ್ಳುವ ವ್ಯವಸ್ಥೆಗೆ ಕಾರ್ಮಿಕರ ಗುತ್ತಿಗೆ ಸಹಕಾರ ಸಂಘ ಎಂದು ಹೆಸರು.

ಇದು ಹೊಸ ಯೋಚನೆಯೇನಲ್ಲ. ಕೇರಳದ ವಡಗರ ಹತ್ತಿರದ ಊರಾಳುಂಗಲ್‌ನಲ್ಲಿ 1925ರಲ್ಲಿ ಸಮಾಜ ಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ 14 ಮಂದಿ ಕೂಲಿಗಳು ಕಟ್ಟಿದ ಸಂಘ ಈಗ ರಾಷ್ಟ್ರೀಯ ಹೆದ್ದಾರಿ 66ರ ತಲಪಾಡಿ–ಚೆಂಗಳ ನಡುವಿನ ಸುಮಾರು 39 ಕಿ.ಮೀ. ಆರು ಪಥದ ಕೆಲಸ ಹಿಡಿಯುವಷ್ಟು ಬೆಳೆದಿದೆ. ಅಂಕೋಲಾ, ಕುಮಟಾ, ಹೊನ್ನಾವರದ ಮೇಲೆ ಹಾದುಹೋಗುವುದೂ ಅದೇ ಹೆದ್ದಾರಿ. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಸೇರಿದ್ದ ಮುಂಬಯಿ ಪ್ರಾಂತದಲ್ಲೂ ಬಾಳಾಸಾಹೇಬ ಖೇರ್ ಅವರ ಸರ್ಕಾರದ ಕಾಲದಲ್ಲಿ, 1947ರಿಂದ, ಕಾಡಿನ ಕೂಪುಗಳನ್ನು (ಮರ ಕಡಿಯಲು ಗುರುತಿಸಿದ ಜಾಗಗಳನ್ನು) ಕಂತ್ರಾಟುದಾರರ ಕೈಯಿಂದ ಬಿಡಿಸಿ ಅರಣ್ಯ ಕಾರ್ಮಿಕರ ಸಹಕಾರ ಸಂಘಗಳಿಗೆ ಕೊಡುವ ಕೆಲಸ ಶುರುವಾಗಿತ್ತು.

ಶಿರಸಿ ಎಂದರೆ ಸಹಕಾರದ ಊರು. ತೋಟಗಾರರ ಮಾರಾಟ ಸಂಘ ಹುಟ್ಟಿದ್ದು 1923ರಲ್ಲಿ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಮುಖ್ಯ ಕಚೇರಿ ಇರುವುದೂ ಅಲ್ಲೇ. ಅಡಿಕೆ ಮಾರಲು ಸಂಘ ಕಟ್ಟಿ ಗೆದ್ದ ಜಿಲ್ಲೆಯಲ್ಲಿ ದುಡಿಮೆ ಮಾರುವ ಸಂಘ ಆ ಮಟ್ಟಕ್ಕೆ ಏರಲಿಲ್ಲವೇಕೆ? ಅಡಿಕೆಯನ್ನು ಗೋದಾಮಿನಲ್ಲಿಟ್ಟು ದರ ಬರುವವರೆಗೆ ಕಾಯಬಹುದು, ಆ ಚೀಲದ ಮೇಲೆ ಮುಂಗಡ ಸಿಗುತ್ತದೆ. ಇಂದಿನ ದುಡಿಮೆಯನ್ನು ಚೀಲದಲ್ಲಿ ಕಟ್ಟಿಡಲಾಗದು. ಅದಕ್ಕೆ ಶನಿವಾರವೇ ಬಟವಾಡೆ ಆಗಬೇಕು. ಸರ್ಕಾರದ ಬಿಲ್ಲು ಬರುವುದು ಅದರದೇ ಹೊತ್ತಿಗೆ. ಸಂಘದ ಬೈಲಾ, ಟೆಂಡರು, ಅಳತೆ, ತೆರಿಗೆ ಯಾವುದನ್ನೇ ವಿವರಿಸಲು ಹೊರಟರೂ ಕೊನೆಗೆ ಮುಟ್ಟುವುದು ಈ ಎರಡು ದಿನಾಂಕಗಳ ನಡುವಿನ ಅಂತರಕ್ಕೆ.

ಯಾರು ಸದಸ್ಯರು ಎನ್ನುವುದೇ ಮೊದಲ ಪ್ರಶ್ನೆ

1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ನೋಂದಣಿಗೆ ಬೇರೆ ಬೇರೆ ಕುಟುಂಬದ ಕನಿಷ್ಠ 10 ಮಂದಿ ಬೇಕು. ಆಸಕ್ತರು ಸಭೆ ಸೇರಿ ಒಬ್ಬರನ್ನು ಮುಖ್ಯ ಪ್ರವರ್ತಕರೆಂದು ಆರಿಸಿ, ಷೇರು ಹಣ ಸಂಗ್ರಹಕ್ಕೆ ಸಹಕಾರ ಇಲಾಖೆಯ ಅನುಮತಿ ಪಡೆದು, ಆ ಹಣವನ್ನು ಜಿಲ್ಲಾ ಕೇಂದ್ರ ಬ್ಯಾಂಕಿನಲ್ಲಿ ಇಟ್ಟು, ಬೈಲಾ ಮತ್ತು ಸಂಘ ನಡೆಯಬಲ್ಲದು ಎನ್ನುವ ವರದಿಯ ಜತೆ ಅರ್ಜಿ ಹಾಕುತ್ತಾರೆ. ಇಲ್ಲಿಯವರೆಗೆ ಎಲ್ಲ ಸಂಘಗಳ ದಾರಿಯೂ ಒಂದೇ. ಬೇರೊಂದು ಊರಿನ ಪತ್ತಿನ ಸಂಘದ ಬೈಲಾ ತಂದು ಹೆಸರು ಬದಲಿಸಿ ಅಂಟಿಸುವವರೂ ಇದ್ದಾರೆ. ಕಾರ್ಮಿಕರ ಸಂಘಕ್ಕೆ ಅದು ದುಬಾರಿ ಬೀಳುತ್ತದೆ.

ದುಬಾರಿ ಏಕೆಂದರೆ ಆದಾಯ ತೆರಿಗೆ. 1961ರ ಕಾಯ್ದೆಯ 80ಪಿ ಕಲಂ ಸದಸ್ಯರ ದುಡಿಮೆಯನ್ನು ಸಾಮೂಹಿಕವಾಗಿ ಒದಗಿಸುವ ಸಂಘದ ಆ ಲಾಭಕ್ಕೆ ಪೂರ್ತಿ ವಿನಾಯಿತಿ ಕೊಟ್ಟಿತ್ತು. 2025ರ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ. ಆದರೆ ಷರತ್ತು ಬಿಗಿ: ಮತದಾನದ ಹಕ್ಕು ಮೂರು ಬಗೆಯ ಸದಸ್ಯರಿಗೆ ಮಾತ್ರ ಇರಬೇಕು. ದುಡಿಮೆ ಕೊಡುವ ವ್ಯಕ್ತಿಗಳು, ಸಂಘಕ್ಕೆ ಸಾಲ ಕೊಡುವ ಸಹಕಾರಿ ಪತ್ತಿನ ಸಂಸ್ಥೆ, ರಾಜ್ಯ ಸರ್ಕಾರ. ಜಲ್ಲಿ ಸಾಗಿಸುವ ಲಾರಿಯ ಮಾಲೀಕರನ್ನೋ ಊರಿನ ಅಂಗಡಿಯವರನ್ನೋ ‘ಸಹಾಯಕ್ಕಿರಲಿ’ ಎಂದು ಮತವಿರುವ ಸದಸ್ಯರನ್ನಾಗಿ ಮಾಡಿಕೊಂಡರೆ ವಿನಾಯಿತಿ ಕೈತಪ್ಪಬಹುದು. ಅಂಥವರ ನೆರವು ಬೇಕೇ ಬೇಕಾದರೆ ಮತವಿಲ್ಲದ ನಾಮಮಾತ್ರ ಸದಸ್ಯತ್ವ ಕೊಡಿ, ಅದನ್ನು ಬೈಲಾದಲ್ಲೇ ಬರೆಯಿರಿ. ಇನ್ನೊಂದು ಮಾತು: ಕೆಲಸ ಮಾಡಿದವರು ಸದಸ್ಯರೇ ಎಂದು ತೋರಿಸಬೇಕು. ಸದಸ್ಯರು 15 ಮಂದಿ, ಸೈಟಿನಲ್ಲಿ ದುಡಿದವರು ಹೊರಗಿನ 40 ಮಂದಿ ಎಂದಾದರೆ ಅದು ಸದಸ್ಯರ ದುಡಿಮೆ ಹೇಗಾಗುತ್ತದೆ? ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸದಿದ್ದರೂ ಈ ವಿನಾಯಿತಿ ಕೇಳುವಂತಿಲ್ಲ. ಲೆಕ್ಕಪರಿಶೋಧನೆ ಮುಗಿದಿಲ್ಲ ಎಂದು ಕಾಯುತ್ತ ಕುಳಿತ ಸಂಘಗಳು ಎಡವುವುದು ಇಲ್ಲೇ.

ಒಬ್ಬ ಸದಸ್ಯನಿಗೆ ಒಂದೇ ಮತ, ಷೇರು ಎಷ್ಟೇ ಇರಲಿ. ಸಾಮಾನ್ಯ ಸಭೆ ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ. ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 25 ಆಪದ್ಧನ ನಿಧಿಗೆ. ಉಳಿದುದನ್ನು ಹಂಚುವಾಗ ಷೇರಿಗಿಂತ ಹಾಜರಿ ದಿನಗಳಿಗೆ ಹೆಚ್ಚು ಬೆಲೆ ಕೊಡುವ ಬೋನಸ್ ಪದ್ಧತಿಯನ್ನು ಬೈಲಾದಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಹತ್ತು ಷೇರು ತೆಗೆದುಕೊಂಡು ಒಂದು ದಿನವೂ ಬುಟ್ಟಿ ಹೊರದವರು ಹೆಚ್ಚು ಒಯ್ಯುತ್ತಾರೆ, ಜಗಳ ಅಲ್ಲಿಂದ ಶುರು.

ಕೆಲಸ ಸಿಗುವ ದಾರಿಗಳು

1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಪ್ರಕಾರ ಸರ್ಕಾರಿ ಕಾಮಗಾರಿಗೆ ಟೆಂಡರೇ ನಿಯಮ. 4ನೇ ಕಲಮಿನಲ್ಲಿ ವಿನಾಯಿತಿಗಳ ಪಟ್ಟಿ ಇದೆ. ನೈಸರ್ಗಿಕ ವಿಕೋಪದ ತುರ್ತು ಕೆಲಸ, 5 ಲಕ್ಷ ರೂ. ಮೀರದ ಸಣ್ಣ ಕಾಮಗಾರಿ, ಸರ್ಕಾರ ಅಧಿಸೂಚನೆಯ ಮೂಲಕ ಬಿಟ್ಟುಕೊಟ್ಟ ಪ್ರಕರಣ, ಹೀಗೆ. ತುಂಡು ಗುತ್ತಿಗೆ ಎಂದು ಜನ ಕರೆಯುವುದು ಈ ಸಣ್ಣ ಕೆಲಸಗಳನ್ನು. ಹೊಸ ಸಂಘ ಶುರುಮಾಡಬೇಕಾದ್ದೂ ಇಲ್ಲಿಂದಲೇ. ಆದರೆ 12 ಲಕ್ಷದ ಒಂದೇ ಗಟಾರವನ್ನು ಮೂರು ತುಂಡು ಮಾಡಿ ಟೆಂಡರ್ ತಪ್ಪಿಸುವ ‘ಉಪಾಯ’ವನ್ನು ಯಾರಾದರೂ ಹೇಳಿದರೆ ದೂರವಿರಿ. ಆಡಿಟ್ ಆಕ್ಷೇಪ ಬಂದಾಗ ಬಿಲ್ಲು ನಿಲ್ಲುವುದು ಸಂಘದ್ದು.

ನೆರೆಯ ಮಹಾರಾಷ್ಟ್ರದಲ್ಲಿ ಮಜೂರ ಸಹಕಾರ ಸಂಸ್ಥೆಗಳಿಗೆ ಸಣ್ಣ ಕಾಮಗಾರಿಗಳಲ್ಲಿ ಪಾಲು ಮೀಸಲಿಡುವ ಪದ್ಧತಿ ಇದೆ, ಕೇರಳದಲ್ಲಿ ಕಾರ್ಮಿಕರ ಸಂಘಗಳಿಗೆ ಬೆಲೆಯಲ್ಲಿ ಆದ್ಯತೆ ಇದೆ. ಜೋಯಿಡಾ, ಕಾರವಾರದವರು ಗೋವಾ-ಮಹಾರಾಷ್ಟ್ರದ ಸುದ್ದಿ ಕೇಳಿ ಇಲ್ಲಿಯೂ ಹಾಗೇ ಎಂದುಕೊಳ್ಳುವುದುಂಟು. ರಿಯಾಯಿತಿ ಬೇಕಾದರೆ ಆದೇಶದ ಸಂಖ್ಯೆ, ದಿನಾಂಕ ಕೈಯಲ್ಲಿರಬೇಕು. ‘ಸಂಘಕ್ಕೆ ಇ.ಎಂ.ಡಿ. (ಟೆಂಡರಿನ ಜತೆ ಇಡುವ ಠೇವಣಿ) ಬೇಡವಂತೆ’ ಎಂಬ ಬಾಯಿಮಾತನ್ನು ನಂಬಿ ಠೇವಣಿ ಇಲ್ಲದೆ ಹಾಕಿದ ಟೆಂಡರು ತಾಂತ್ರಿಕ ಲಕೋಟೆಯಲ್ಲೇ ಬಿದ್ದುಹೋಗುತ್ತದೆ.

ಟೆಂಡರಿಗೆ ರಾಜ್ಯದ ಸಂಗ್ರಹಣಾ ಪೋರ್ಟಲ್, ಅಂದರೆ ಕೆ.ಪಿ.ಪಿ.ಪಿ. ಅಲ್ಲಿ ಸಂಘದ ಹೆಸರಲ್ಲಿ ನೋಂದಣಿ, ಗುತ್ತಿಗೆದಾರರ ದರ್ಜೆಯ ಪ್ರಮಾಣಪತ್ರ, ಪ್ಯಾನ್, ಜಿಎಸ್‌ಟಿ, ಹೋದ ವರ್ಷದ ಆಡಿಟ್ ವರದಿ, ಸಹಿ ಹಾಕುವವರಿಗೆ ಅಧಿಕಾರ ಕೊಟ್ಟ ಆಡಳಿತ ಮಂಡಳಿಯ ಠರಾವು ಬೇಕು. ಡಿಜಿಟಲ್ ಸಹಿಯ ಟೋಕನ್ ಒಬ್ಬ ವ್ಯಕ್ತಿಯ ಹೆಸರಿನಲ್ಲಿರುತ್ತದೆ ಎನ್ನುವುದನ್ನು ಮರೆಯಬಾರದು. ಕಾರ್ಯದರ್ಶಿ ಬದಲಾದರೆ, ಅವಧಿ ಮುಗಿದರೆ, ಕೊನೆಯ ದಿನ ಸಂಜೆ ಗೊತ್ತಾಗುತ್ತದೆ. ಆ ಟೋಕನನ್ನೂ ಅದರ ಗುಪ್ತಪದವನ್ನೂ ಟೆಂಡರ್ ಹಾಕಿಕೊಡುವ ಅಂಗಡಿಯಲ್ಲಿ ಬಿಟ್ಟುಬರುವುದು ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟಂತೆ.

ಟೆಂಡರ್ ದಾಖಲೆಗಳು ಕೆ.ಡಬ್ಲ್ಯೂ-1, 2, 3, 4 ಎಂದು ಮೊತ್ತ ಏರಿದಂತೆ ದಪ್ಪವಾಗುತ್ತ ಹೋಗುತ್ತವೆ. ಹಿಂದಿನ ವರ್ಷಗಳ ವಹಿವಾಟು, ಇದೇ ಬಗೆಯ ಕೆಲಸದ ಅನುಭವ, ಸ್ವಂತ ಯಂತ್ರ ಕೇಳುವುದು ಮೇಲಿನ ಹಂತಗಳಲ್ಲಿ. ಹತ್ತು ಊರಿನ ಹತ್ತು ಸಣ್ಣ ಕೆಲಸಗಳನ್ನು ಒಂದು ಪ್ಯಾಕೇಜ್ ಮಾಡಿ ಕರೆದರೆ ಸಂಘ ಬಾಗಿಲಲ್ಲೇ ನಿಲ್ಲುತ್ತದೆ. ಸಂಘಗಳನ್ನು ಹೊರಗಿಡಲೆಂದೇ ಹಾಗೆ ಮಾಡುತ್ತಾರೆ ಎನ್ನುವಂತಿಲ್ಲ, ಕಚೇರಿಗೆ ಹತ್ತು ಕಡತಕ್ಕಿಂತ ಒಂದು ಕಡತ ಸುಲಭ. ಫಲ ಮಾತ್ರ ಒಂದೇ.

ಎರಡು ಗೊಂದಲ ಇಲ್ಲೇ ಬಿಡಿಸಿಬಿಡೋಣ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಮೊದಲ ಅನುಸೂಚಿ ಗುತ್ತಿಗೆದಾರರನ್ನೇ ಹೊರಗಿಟ್ಟಿತ್ತು; ಸಂಘ ಗುತ್ತಿಗೆ ಹಿಡಿಯುವ ಜಾಗ ಅದಲ್ಲ. ಹಾಗೆಯೇ ಕಚೇರಿಗೆ ಡಾಟಾ ಎಂಟ್ರಿಯವರನ್ನೋ ಆಸ್ಪತ್ರೆಗೆ ಸ್ವಚ್ಛತೆಯವರನ್ನೋ ಒದಗಿಸುವ ಹೊರಗುತ್ತಿಗೆ ಸಹಕಾರ ಸಂಘ ಬೇರೆ ಜಾತಿಯದು. ಅಲ್ಲಿ ತಲೆಗಿಷ್ಟು ತಿಂಗಳ ಸಂಬಳ. ಇಲ್ಲಿ ಅಳೆದು ಮುಗಿಸಿದ ಕೆಲಸಕ್ಕೆ ದುಡ್ಡು.

ದರ ಬರೆಯುವ ಮುನ್ನ ಮಣ್ಣು ನೋಡಿ

ಅಂದಾಜು ಪಟ್ಟಿಯಲ್ಲಿ ಲೋಕೋಪಯೋಗಿ ಇಲಾಖೆಯ ಎಸ್.ಆರ್., ಅಂದರೆ ದರಪಟ್ಟಿಯ ದರ ಇರುತ್ತದೆ. ಹೊಸಬರು ಆ ದರ ನೋಡಿ ಶೇ. 10 ಕಡಿಮೆ ಬರೆದು ಕೆಲಸ ಹಿಡಿಯುತ್ತಾರೆ. ನೋಡಬೇಕಾದ್ದು ದರವನ್ನಲ್ಲ, ಯಾವ ಮಣ್ಣಿಗೆ ಆ ದರ ಎಂಬುದನ್ನು.

ಉದಾಹರಣೆಗೆ 300 ಮೀ. ಉದ್ದ, 0.90 ಮೀ. ಅಗಲ, 0.75 ಮೀ. ಆಳದ ಗಟಾರ ಅಗೆಯಬೇಕು. 300 × 0.90 × 0.75 = 202.5 ಘನ ಮೀಟರ್. ಸಾಧಾರಣ ಮಣ್ಣಿನಲ್ಲಿ ಒಬ್ಬರು ದಿನಕ್ಕೆ 2 ಘನ ಮೀಟರ್ ಅಗೆದು ಎತ್ತಿ ಹಾಕುತ್ತಾರೆ ಎಂದಿಟ್ಟುಕೊಂಡರೆ ಸುಮಾರು 101 ಆಳು-ದಿನ. ಕರಾವಳಿಯ ಗುಡ್ಡದ ಬುಡದಲ್ಲಿ ಒಂದು ಮೊಳ ಕೆಂಪು ಮಣ್ಣು ಸರಿದ ಮೇಲೆ ಸಿಗುವುದು ಚಿರೆ, ಅಂದರೆ ಜಂಬಿಟ್ಟಿಗೆ. ಗುದ್ದಲಿ ನಿಲ್ಲುತ್ತದೆ, ಪಿಕಾಸಿ, ಹಾರೆ ಹಿಡಿಯಬೇಕು. ಅಲ್ಲಿ ದಿನಕ್ಕೆ 1.25 ಘನ ಮೀಟರ್ ಆದರೆ ಅದೇ ಗಟಾರಕ್ಕೆ 162 ಆಳು-ದಿನ. ಅಂದಾಜಿನಲ್ಲಿ ‘ಸಾಧಾರಣ ಮಣ್ಣು’ ಎಂದಷ್ಟೇ ಬರೆದಿದ್ದರೆ ಮಧ್ಯದ 61 ಆಳು-ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. 12 ಜನರ ತಂಡ ಐದು ದಿನ ಪುಕ್ಕಟೆ ದುಡಿದ ಹಾಗೆ.

ಚಿರೆಗೆ ಇನ್ನೊಂದು ಗುಣವಿದೆ. ನೆಲದೊಳಗೆ ಮೆತ್ತಗಿರುವುದು ಗಾಳಿ-ಬಿಸಿಲಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಆದ್ದರಿಂದ ಅಗೆದು ತಿಂಗಳಾದ ಮೇಲೆ ಗೋಡೆ ತೋರಿಸಿ ‘ನೋಡಿ, ಎಷ್ಟು ಗಟ್ಟಿ’ ಎಂದರೆ ಇಂಜಿನಿಯರ್ ಒಪ್ಪದಿರಲು ಕಾರಣವಿದೆ. ಟೆಂಡರ್ ಹಾಕುವ ಮೊದಲೇ 300 ಮೀಟರಿನಲ್ಲಿ ನಾಲ್ಕೈದು ಕಡೆ ಗಟಾರದಷ್ಟೇ ಆಳದ ಪರೀಕ್ಷಾ ಗುಂಡಿ ತೋಡಿ ನೋಡುವುದು ಅರ್ಧ ದಿನದ ಕೆಲಸ. ಕೆಲಸ ಶುರುವಾದ ಮೇಲೆ ಚಿರೆ ಎದುರಾದರೆ ಅದೇ ದಿನ ಕೆಲಸ ನಿಲ್ಲಿಸಿ, ಕಿರಿಯ ಇಂಜಿನಿಯರ್‌ಗೆ ಲಿಖಿತವಾಗಿ ತಿಳಿಸಿ, ದಿನಾಂಕ-ಸ್ಥಳ ಮೂಡುವ ಫೋಟೊ ತೆಗೆದು, ಮಣ್ಣಿನ ವರ್ಗ ಎಲ್ಲಿಂದ ಎಲ್ಲಿಗೆ ಬದಲಾಯಿತು ಎಂದು ಮೀಟರ್ ಲೆಕ್ಕದಲ್ಲಿ ಜಂಟಿಯಾಗಿ ಬರೆಸಿಕೊಳ್ಳಬೇಕು. ಮುಗಿದ ಮೇಲೆ ಕೇಳುವ ಹೆಚ್ಚುವರಿ ದುಡ್ಡು ಬಹುಮಟ್ಟಿಗೆ ಬರುವುದಿಲ್ಲ.

ಚಿರೆಯ ಕೆಳಗಿನ ಶೇಡಿ ಮಣ್ಣು ಇದಕ್ಕೆ ಉಲ್ಟಾ. ಬೇಸಿಗೆಯಲ್ಲಿ ಅಗೆಯಲು ಸಲೀಸು, ನೀರು ಕುಡಿದರೆ ಜಾರುತ್ತದೆ. ತಡೆಗೋಡೆಗೆ ಪಾಯ ತೆಗೆಯುವಾಗ ಉದ್ದಕ್ಕೂ ಒಮ್ಮೆಗೇ ಬಗೆಯದೆ ಐದಾರು ಮೀಟರಿನಂತೆ ಅಗೆದು, ಗೋಡೆ ಎತ್ತಿ, ಮುಂದಕ್ಕೆ ಹೋಗಬೇಕು. ಗೋಡೆಯಲ್ಲಿ ನೀರು ಹೊರಬರುವ ತೂತು, ಅದರ ಹಿಂದೆ ಜಲ್ಲಿ ತುಂಬಿರಬೇಕು. ತೂತು ಇಟ್ಟರೂ ಹಿಂದೆ ಬರೀ ಮಣ್ಣು ತುಂಬಿದ ಗೋಡೆ ಮೊದಲ ಮಳೆಗಾಲದಲ್ಲೇ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ.

ಗಜನಿ ಒಡ್ಡು ಮತ್ತು ಅಳತೆ ಪುಸ್ತಕ

ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಹಾಕುವ ಖಾರ್‌ಲ್ಯಾಂಡ್ ಒಡ್ಡು ಕೈಕೆಲಸ ಬಲ್ಲವರಿಗೆ ಹೇಳಿ ಮಾಡಿಸಿದ ಕಾಮಗಾರಿ. ಜೆಸಿಬಿ ಇಳಿದರೆ ಕೆಸರಿನಲ್ಲಿ ಹೂತುಹೋಗುವ ಜಾಗಗಳು ಬಹಳ. ಅಳತೆ ಎಂದರೇನು ಎಂದು ತಿಳಿಯಲೂ ಇದೇ ಒಳ್ಳೆಯ ಉದಾಹರಣೆ.

100 ಮೀ. ಉದ್ದದ ಒಡ್ಡು. ನೆತ್ತಿಯ ಅಗಲ 1.5 ಮೀ., ಬುಡದ ಅಗಲ 6 ಮೀ., ಎತ್ತರ 1.5 ಮೀ. ಅಡ್ಡಸೀಳಿನ ಕ್ಷೇತ್ರ (1.5 + 6) ÷ 2 × 1.5 = 5.625 ಚದರ ಮೀಟರ್, ಒಟ್ಟು 562.5 ಘನ ಮೀಟರ್. ಈಗ ಅಳತೆ ತಡವಾಗಿ, ಅಷ್ಟರಲ್ಲಿ ಒಡ್ಡು 10 ಸೆಂ.ಮೀ. ಕುಸಿಯಿತು ಎನ್ನಿ. ಎತ್ತರ 1.4 ಮೀ.; ಲೆಕ್ಕ 525 ಘನ ಮೀಟರ್. 37.5 ಘನ ಮೀಟರಿನ ಕೂಲಿ ಕೆಸರಿಗೆ ಇಳಿಯಿತು. ತಪ್ಪು ಇಲಾಖೆಯದು ಎಂದುಬಿಡುವುದು ಸುಲಭ. ಆದರೆ ಇಲಾಖೆ ಕೊಳ್ಳುವುದು ಕೂತು ಗಟ್ಟಿಯಾದ ಒಡ್ಡನ್ನು, ಸಡಿಲ ಮಣ್ಣಿನ ರಾಶಿಯನ್ನಲ್ಲ. ಒಂದು ಗೇಣಿನಷ್ಟು ದಪ್ಪದ ಪದರ ಹಾಕಿ, ಹೆಂಟೆ ಒಡೆದು, ದಮ್ಮಸು ಹೊಡೆದು ಮುಂದಿನ ಪದರಕ್ಕೆ ಹೋದರೆ ಕುಸಿತ ಕಡಿಮೆ. ಕೆಲಸ ಬೇಗ ಏರಲಿ ಎಂದು ಒಂದೇ ಸಲಕ್ಕೆ ಒಂದು ಮೀಟರ್ ಸುರಿದ ತಂಡಕ್ಕೆ ಅಳತೆಯ ದಿನ ನಷ್ಟ ಕಾಣುತ್ತದೆ.

ಮಣ್ಣು ತೆಗೆದ ಗುಂಡಿಯನ್ನು ಅಳೆಯುವ ಕರಾರಾದರೆ ಗುಂಡಿಯ ನಡುನಡುವೆ ಅಗೆಯದ ಮಣ್ಣಿನ ಕಂಬಗಳನ್ನು ಬಿಟ್ಟಿರಬೇಕು. ಮೂಲ ನೆಲ ಎಷ್ಟೆತ್ತರ ಇತ್ತು ಎಂಬುದಕ್ಕೆ ಅದೇ ಸಾಕ್ಷಿ. ಅಳತೆ ಬರೆದಾಗುವವರೆಗೆ ಅದನ್ನು ಕೆಡವಬಾರದು, ಮೇಲೆ ಮಣ್ಣು ಹಾಕಿ ಎತ್ತರಿಸಲೂಬಾರದು. ಎತ್ತರಿಸಿದ ಮಣ್ಣು ಹುಲ್ಲಿನ ಬೇರಿಲ್ಲದೆ ಸಡಿಲವಾಗಿರುವುದರಿಂದ ಬಲ್ಲವರಿಗೆ ಕಣ್ಣಿಗೆ ಬೀಳುತ್ತದೆ.

ಒಡ್ಡಿನ ಕೊನೆಯ ಕಂಡಿ ಮುಚ್ಚುವ ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡಬೇಕು. ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ದೊಡ್ಡದು. ಅಷ್ಟಮಿಯ ಆಸುಪಾಸಿನದು ಸಣ್ಣದು. ಅಷ್ಟಮಿಯ ಇಳಿತಕ್ಕೆ ಮುಚ್ಚಿ, ಜಂತ್ರಡಿಯ (ಒಡ್ಡಿನಲ್ಲಿ ನೀರು ತಡೆಯುವ ಬಾಗಿಲಿನ) ಹಲಗೆ ಇಳಿಸಿ, ಮುಂದಿನ ಹುಣ್ಣಿಮೆಗೆ ಮುಂಚೆ ನದಿಯ ಬದಿಗೆ ಚಿರೆಕಲ್ಲು ಕೂರಿಸಿದರೆ ಉಳಿಯಿತು. ಕಾರ್ಯಾದೇಶದ ದಿನಾಂಕಕ್ಕೆ ಉಬ್ಬರ ಕಾಯುವುದಿಲ್ಲ. ಆದೇಶದಲ್ಲಿ ಬರೆದ ಅವಧಿ ಇದಕ್ಕೆ ಹೊಂದದಿದ್ದರೆ ಕರಾರಿಗೆ ಸಹಿ ಹಾಕುವಾಗಲೇ ಕಾಲಪಟ್ಟಿಯಲ್ಲಿ ಬರೆಸಬೇಕು. ಅರ್ಧ ಹಾಕಿದ ಒಡ್ಡು ಕೊಚ್ಚಿಹೋದರೆ, ಅದು ಅಳತೆ ಪುಸ್ತಕದಲ್ಲಿ ಏರದೆ ಇದ್ದರೆ, ಅಲ್ಲಿ ಕೆಲಸ ನಡೆದಿತ್ತು ಎನ್ನುವುದಕ್ಕೇ ದಾಖಲೆಯಿಲ್ಲ.

ಹಾಗಾಗಿ ಸಂಘದ ಕಡೆಯಿಂದ ಟೇಪು ಹಿಡಿದು ಅಳೆಯಬಲ್ಲ, ಎಂ.ಬಿ.ಯ (ಅಳತೆ ಪುಸ್ತಕದ) ಸಾಲು ಓದಿ ಅರ್ಥಮಾಡಿಕೊಳ್ಳಬಲ್ಲ ಒಬ್ಬ ಸದಸ್ಯ ಇರಲೇಬೇಕು. ಅಳತೆಯ ದಿನ ಅವರು ಸ್ಥಳದಲ್ಲಿರಬೇಕು, ತಮ್ಮದೇ ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು, ಎರಡೂ ತಾಳೆಯಾದರೆ ಮಾತ್ರ ಸಹಿ ಹಾಕಬೇಕು. ಪಾಯ, ಸಲಾಕೆ, ಪೈಪಿನ ಕೆಳಗಿನ ಮರಳು ಇಂಥ ಮುಚ್ಚಿಹೋಗುವ ಭಾಗಗಳನ್ನು ಮುಚ್ಚುವ ಮುಂಚೆಯೇ ಅಳೆಸಬೇಕು.

ನಾಲ್ಕು ಲಕ್ಷದ ಬಿಲ್ಲಿನಲ್ಲಿ ಕೈಗೆ ಬರುವುದೆಷ್ಟು

ತೆರಿಗೆ ಬಿಟ್ಟು 4,00,000 ರೂ. ಬಿಲ್ಲು ಎಂದುಕೊಳ್ಳೋಣ. ಆದಾಯ ತೆರಿಗೆ ಮೂಲದಲ್ಲೇ ಶೇ. 2 ಕಡಿತ, 8,000 ರೂ. (ವ್ಯಕ್ತಿ ಗುತ್ತಿಗೆದಾರನಿಗೆ ಶೇ. 1, ಸಂಘಕ್ಕೆ ಶೇ. 2.) ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ. 1, ಅಂದರೆ 4,000. ಕರಾರಿನ ಮೊತ್ತ ತೆರಿಗೆ ಬಿಟ್ಟು 2.5 ಲಕ್ಷ ಮೀರಿದ್ದು ತೆರಿಗೆಗೆ ಒಳಪಡುವ ಕೆಲಸವಾದರೆ ಜಿಎಸ್‌ಟಿಯ ಟಿಡಿಎಸ್ ಶೇ. 2, ಇನ್ನೊಂದು 8,000. ಭದ್ರತಾ ಠೇವಣಿ ಶೇ. 5 ಎಂದು ಕರಾರಿನಲ್ಲಿದ್ದರೆ 20,000. ಒಟ್ಟು 40,000 ಕೈಬಿಟ್ಟು 3,60,000.

ಈ 40,000ದಲ್ಲಿ ನಿಜಕ್ಕೂ ಹೋಗಿಯೇಬಿಟ್ಟದ್ದು ಸೆಸ್ಸಿನ 4,000 ಮಾತ್ರ. ಅದಕ್ಕೂ ಪ್ರತಿಫಲ ಪಡೆಯಬಹುದು: 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ರತಿ ಸದಸ್ಯರನ್ನೂ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, 90 ದಿನದ ಪುರಾವೆಗೆ ಸಂಘದ ಹಾಜರಿ ಪುಸ್ತಕಕ್ಕಿಂತ ಬೇರೆ ಬೇಕೆ? ಉಳಿದ 36,000 ಸಂಘದ್ದೇ, ಆದರೆ ಬೇರೆಡೆ ಸಿಕ್ಕಿಕೊಂಡಿದೆ. ರಿಟರ್ನ್ ಹಾಕಿದರೆ 8,000, ಜಿಎಸ್‌ಟಿ ಖಾತೆಯಲ್ಲಿ ಒಪ್ಪಿಕೊಂಡರೆ 8,000, ದೋಷ ಕಂಡರೆ ಸರಿಪಡಿಸುವ ಹೊಣೆಯ ಅವಧಿ ಮುಗಿದ ಮೇಲೆ 20,000. ಕೇಳದ ಸಂಘಕ್ಕೆ ಇದ್ಯಾವುದೂ ತಾನಾಗಿ ನಡೆದು ಬರುವುದಿಲ್ಲ.

ಜಿಎಸ್‌ಟಿಯಲ್ಲಿ ಕಾರ್ಮಿಕರ ಸಂಘಗಳು ಗಮನಿಸದೆ ಕಳೆದುಕೊಳ್ಳುವ ಒಂದು ಅಂಶವಿದೆ. ಸಿಮೆಂಟು, ಜಲ್ಲಿ ಎಲ್ಲ ಇಲಾಖೆಯದು, ಸಂಘದ್ದು ಬರೀ ದುಡಿಮೆ ಎಂದಾದರೆ, ಆ ಕೆಲಸ ಸಂವಿಧಾನದ 243-ಜಿ ಅಥವಾ 243-ಡಬ್ಲ್ಯೂ ವಿಧಿಯಡಿ ಪಂಚಾಯಿತಿಗೆ ಅಥವಾ ಪುರಸಭೆಗೆ ಸೇರಿದ ಕಾರ್ಯಕ್ಕೆ ಸಂಬಂಧಿಸಿದ್ದರೆ, ಪಡೆಯುವವರು ಸರ್ಕಾರ ಅಥವಾ ಸ್ಥಳೀಯ ಸಂಸ್ಥೆಯೇ ಆಗಿದ್ದರೆ ತೆರಿಗೆ ಇಲ್ಲ. ಸಾಮಗ್ರಿಯ ಪಾಲು ಶೇ. 25 ಮೀರದಿದ್ದರೂ ಇಲ್ಲ. ಮೀರಿದರೆ ಶೇ. 18, ಮಣ್ಣು ಕೆಲಸಕ್ಕಿದ್ದ ಕಡಿಮೆ ದರ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ಕೆಲಸ ಕೊಟ್ಟದ್ದು ಇಲಾಖೆಯಲ್ಲ, ನಿಗಮ ಎಂದಾದರೆ 2022ರ ಜನವರಿಯಿಂದ ಈ ವಿನಾಯಿತಿ ಸಿಗುವುದಿಲ್ಲ. ಇನ್ನೊಬ್ಬ ಗುತ್ತಿಗೆದಾರನ ಕೆಳಗೆ ಉಪಗುತ್ತಿಗೆ ಹಿಡಿದರೂ ಅಷ್ಟೇ. ತೆರಿಗೆ ಇರುವ ಬಿಲ್ಲಿನಲ್ಲಿ ಬಂದ 72,000 ರೂ. ನೋಡಿ ಸಂಘದಲ್ಲಿ ದುಡ್ಡಿದೆ ಎಂದು ಹಂಚಬೇಡಿ, ಅದು ಮುಂದಿನ ತಿಂಗಳು 20ರೊಳಗೆ ಕಟ್ಟಬೇಕಾದ ಸರ್ಕಾರದ ಹಣ. ಅಳತೆ ಪ್ರಮಾಣೀಕರಣವಾಗುವ ಮುಂಚೆ ಇನ್‌ವಾಯ್ಸ್ ಬರೆದರೂ ತೊಂದರೆಯೇ: ದುಡ್ಡು ಬರುವ ಮೊದಲು ಕೈಯಿಂದ ತೆರಿಗೆ ಕಟ್ಟಬೇಕಾಗುತ್ತದೆ.

ಚಿರೆಕಲ್ಲು, ಜಲ್ಲಿ, ಮರಳಿಗೆ ಗಣಿ ಇಲಾಖೆಯ ಸಾಗಣೆ ಪರವಾನಗಿ ಚೀಟಿಗಳನ್ನು ಲಾರಿಯವರಿಂದ ಪ್ರತಿ ಲೋಡಿಗೂ ತೆಗೆದುಕೊಳ್ಳಿ. ಚೀಟಿ ಇಲ್ಲದಿದ್ದರೆ ರಾಜಧನ ಬಿಲ್ಲಿನಲ್ಲಿ ಕಡಿತವಾಗುತ್ತದೆ, ದಂಡವೂ ಸೇರಬಹುದು. ಕರಾವಳಿ ನಿಯಂತ್ರಣ ವಲಯದ ಮರಳಿನ ಸಮಸ್ಯೆಯಿಂದ ಇಲ್ಲಿ ಚೀಟಿಯಿರುವ ಮರಳು ಸಿಗುವುದೇ ಕಷ್ಟವಾದ ತಿಂಗಳುಗಳಿವೆ. ದರ ಬರೆಯುವಾಗ ಎಂ-ಸ್ಯಾಂಡ್ ಲೆಕ್ಕವನ್ನೇ ಹಿಡಿಯುವುದು ಕ್ಷೇಮ.

ಶನಿವಾರ

ಈಗ ಮೊದಲಿನ ಮಾತಿಗೆ ಬರೋಣ. 12 ಜನ, ದಿನಕ್ಕೆ 700 ರೂ., ವಾರಕ್ಕೆ 6 ದಿನ: 50,400 ರೂ. 50 ಸದಸ್ಯರು ತಲಾ 1,000 ರೂ. ಷೇರು ಹಾಕಿದ ಸಂಘದ ಇಡೀ ಬಂಡವಾಳ 50,000. ಒಂದು ಶನಿವಾರದ ಬಟವಾಡೆಗೇ 400 ರೂ. ಕಡಿಮೆ.

ಬಿಲ್ಲು ಬರುವ ದಾರಿ ನೋಡಿ. ಕಿರಿಯ ಇಂಜಿನಿಯರ್ ಅಳೆದು ಎಂ.ಬಿ. ಬರೆಯಬೇಕು, ಉಪವಿಭಾಗದಲ್ಲಿ ತಪಾಸಣೆ ಆಗಬೇಕು, ವಿಭಾಗದ ಲೆಕ್ಕಶಾಖೆ ನೋಡಬೇಕು, ಕಾರ್ಯಪಾಲಕ ಇಂಜಿನಿಯರ್ ಪಾಸು ಮಾಡಬೇಕು, ಇಷ್ಟೆಲ್ಲ ಆದರೂ ಅನುದಾನ ಬಿಡುಗಡೆಯಾಗದೆ ‘ಎಲ್‌ಒಸಿ ಬಂದಿಲ್ಲ’ (ಹಣ ಬಿಡುಗಡೆಯ ಪತ್ರ ಬಂದಿಲ್ಲ) ಎಂಬ ಒಂದು ಮಾತಿನಲ್ಲಿ ನಿಲ್ಲುತ್ತದೆ. ಮಾರ್ಚ್ ಕೊನೆಯಲ್ಲಿ ಎಲ್ಲರ ಬಿಲ್ಲೂ ಒಟ್ಟಿಗೆ ನುಗ್ಗುತ್ತವೆ. ನವೆಂಬರ್‌ನಲ್ಲಿ ಅಗೆದ ಮಣ್ಣಿನ ದುಡ್ಡು ಮಾರ್ಚ್‌ಗೆ ಎಂದರೆ ನಡುವೆ ಹದಿನೆಂಟು-ಇಪ್ಪತ್ತು ಶನಿವಾರ.

ಈ ಅಂತರದಲ್ಲಿ ಒಬ್ಬ ಬರುತ್ತಾನೆ. ‘ಬಟವಾಡೆ ನಾನು ಕೊಡುತ್ತೇನೆ, ಜೆಸಿಬಿ ನನ್ನದೇ ಇರಲಿ, ಬಿಲ್ಲು ಬಂದಾಗ ನೋಡೋಣ’ ಎನ್ನುತ್ತಾನೆ. ಎರಡು ಬಿಲ್ಲು ಕಳೆಯುವಷ್ಟರಲ್ಲಿ ಚೆಕ್‌ಬುಕ್ಕು ಅವನ ಬ್ಯಾಗಿನಲ್ಲಿ, ಸದಸ್ಯರು ಅವನ ಕೂಲಿಗಳು, ಅಧ್ಯಕ್ಷರಿಗೆ ಸಹಿಗೆ ಇಷ್ಟು ಎಂದು ನಿಗದಿ. ಹೆಸರಿಗೆ ಸಂಘ, ಒಳಗೆ ಕಂತ್ರಾಟು. ಸದಸ್ಯರ ಅಪ್ರಾಮಾಣಿಕತೆಯಿಂದ ಕೆಟ್ಟ ಸಂಘಗಳಿಗಿಂತ ಹೀಗೆ ದುಡ್ಡಿನ ಬರದಿಂದ ಕೈಬದಲಾದವೇ ಹೆಚ್ಚು ಎಂಬುದು ಈ ಕ್ಷೇತ್ರ ಬಲ್ಲವರ ತೀರ್ಮಾನ. ತಪಾಸಣೆಗೆ ಬಂದವರು ಹಾಜರಿ ಪುಸ್ತಕವನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಗೊತ್ತಾಗುತ್ತದೆ: ಬಿಲ್ಲು ಜಮಾ ಆದ ಮರುದಿನವೇ ಇಡೀ ಮೊತ್ತ ಒಂದೇ ಖಾತೆಗೆ ಹೋಗಿರುತ್ತದೆ. ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನ ವಿಚಾರಣೆ, 69ರ ಅಡಿಯ ಹೊಣೆ ಬರುವುದು ಆಗ ಸಹಿ ಮಾಡಿದ ಪದಾಧಿಕಾರಿಗಳ ಮೇಲೆ, ಚೆಕ್‌ಬುಕ್ಕು ಇಟ್ಟುಕೊಂಡಿದ್ದವನ ಮೇಲಲ್ಲ.

ತಪ್ಪಿಸಿಕೊಳ್ಳುವ ದಾರಿ ಇಲ್ಲದಿಲ್ಲ. ಮೊದಲನೆಯದು, ಹಿಡಿಯುವ ಕೆಲಸದ ಗಾತ್ರ: ಆರು ವಾರದೊಳಗೆ ಮುಗಿಯದ ಕೆಲಸವನ್ನು ಮೊದಲ ಎರಡು ವರ್ಷ ಮುಟ್ಟದಿರುವುದು. ಎರಡನೆಯದು, ಮುಗಿದ ಮೇಲೆ ಒಂದೇ ಬಿಲ್ಲಿನ ಬದಲು ಭಾಗಶಃ ಬಿಲ್ಲುಗಳಿಗೆ ಕರಾರಿನಲ್ಲಿ ಅವಕಾಶ ಕೇಳುವುದು, ಪ್ರತಿ 100 ಮೀಟರಿಗೆ ಅಳತೆಗೆ ಪತ್ರ ಕೊಡುವುದು. ಮೂರನೆಯದು, ಕಾರ್ಯಾದೇಶ ತೋರಿಸಿ ಜಿಲ್ಲಾ ಕೇಂದ್ರ ಬ್ಯಾಂಕಿನಿಂದಲೋ ಊರಿನ ಪ್ರಾಥಮಿಕ ಸಂಘದಿಂದಲೋ ನಗದು ಸಾಲದ ಮಿತಿ ಪಡೆಯುವುದು. ಬಿಲ್ಲಿನ ಹಣ ನೇರ ಆ ಖಾತೆಗೇ ಬರುವಂತೆ ಇಲಾಖೆಗೆ ಬರೆದುಕೊಟ್ಟರೆ ಬ್ಯಾಂಕಿಗೂ ಧೈರ್ಯ. 1,50,000 ರೂ.ಗೆ ಶೇ. 12ರ ದರದಲ್ಲಿ ಮೂರು ತಿಂಗಳ ಬಡ್ಡಿ 4,500 ರೂ. ಇದನ್ನು ಟೆಂಡರ್ ದರದಲ್ಲೇ ಸೇರಿಸದ ಸಂಘ ಆ ದುಡ್ಡನ್ನು ಸದಸ್ಯರ ಕೂಲಿಯಿಂದ ತೆರುತ್ತದೆ. ಪ್ರತಿ ಬಟವಾಡೆಯಲ್ಲಿ ಪ್ರತಿಯೊಬ್ಬರಿಂದ ದಿನಕ್ಕೆ 20 ರೂ. ಷೇರಿಗೆ ಹಿಡಿದರೂ 12 ಜನ, 100 ದಿನಕ್ಕೆ 24,000 ರೂ. ಬಂಡವಾಳ ಬೆಳೆಯುತ್ತದೆ, ಆದರೆ ಕೊಡುವ ಕೂಲಿ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆಯಾಗದಂತೆ, ಸದಸ್ಯರ ಲಿಖಿತ ಒಪ್ಪಿಗೆ ಪಡೆದು. ತುಟ್ಟಿಭತ್ಯೆ ಸೇರಿ ಆ ವೇತನ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಫೆಬ್ರುವರಿಯಲ್ಲಿ ದರ ಬರೆದು ಮೇ ತಿಂಗಳಲ್ಲಿ ಕೆಲಸ ಮಾಡುವವರು ಅದನ್ನೂ ಎಣಿಸಿರಬೇಕು.

ಸಂಘವೆಂದ ಮಾತ್ರಕ್ಕೆ ಕಾರ್ಮಿಕ ಕಾನೂನು ಬಿಡುವುದಿಲ್ಲ ಎಂಬುದನ್ನೂ ಹೇಳಬೇಕು. ಗುತ್ತಿಗೆ ಕಾರ್ಮಿಕರ ಪರವಾನಗಿಗೆ 1970ರ ಕಾಯ್ದೆಯಲ್ಲಿ 20 ಜನರ ಮಿತಿ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ 50. ಭವಿಷ್ಯನಿಧಿಗೆ 20 ಜನ. ಅಪಘಾತ ಪರಿಹಾರದ ವಿಮೆಯನ್ನು ಕಾರ್ಯಾದೇಶ ಬಂದ ದಿನವೇ ಮಾಡಿಸಿ. ಗೋಡೆ ಕುಸಿದ ಮೇಲೆ ಯಾವ ಕಂಪನಿಯೂ ಪಾಲಿಸಿ ಬರೆಯುವುದಿಲ್ಲ.

ಇನ್ನು ಆಳಿನ ಲೆಕ್ಕ. ಘಟ್ಟದ ಮೇಲೆ, ಶಿರಸಿ-ಸಿದ್ದಾಪುರ-ಯಲ್ಲಾಪುರದಲ್ಲಿ, ಕಾಮಗಾರಿಗೆ ಹದವಾದ ನವೆಂಬರ್‌ನಿಂದ ಫೆಬ್ರುವರಿವರೆಗೇ ಅಡಿಕೆ ಕೊಯ್ಲು. ಕೊನೆಗಾರನಿಗೆ ಮರ ಹತ್ತಿದರೆ ಸಿಗುವ ದಿನಗೂಲಿಯನ್ನು ಗಟಾರದ ದರ ಎಂದೂ ಕೊಡಲಾರದು. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಕೈಗಳು ಬಿಡುವಾಗಿರುವಾಗ ಮಳೆಗೆ ಕಾಮಗಾರಿ ನಿಂತಿರುತ್ತದೆ. ಎರಡೂ ಕಡೆ ತಾಳೆಯಾಗುವುದು ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳು. ಹೊಸ ಅನುದಾನದ ಆದೇಶಗಳು ಇನ್ನೂ ಹೊರಡದ ಕಾಲವೂ ಅದೇ. ಆದ್ದರಿಂದ ಜನವರಿಯಲ್ಲಿ ಕಾರ್ಯಾದೇಶ ಕೈಗೆ ಬಂದು, ಸಾಮಗ್ರಿ ಒಟ್ಟುಮಾಡಿ, ಕೊಯ್ಲು ಮುಗಿದ ಮೇಲೆ ಇಳಿಯುವ ಕೆಲಸಗಳು ಸಂಘಕ್ಕೆ ಒಗ್ಗುತ್ತವೆ. ಮೇ 20ರ ನಂತರ ಪಾಯ ತೆಗೆಯುವ ಸಾಹಸ ಬೇಡ.

ಕೆಲಸ ಮುಗಿಯಿತೆಂದು ಕಡತ ಕಟ್ಟಿಡುವುದು ಕೊನೆಯ ತಪ್ಪು. ಕರಾರಿನಲ್ಲಿ ಹೇಳಿದ ಹೊಣೆಯ ಅವಧಿಯಲ್ಲಿ ಕನಿಷ್ಠ ಒಂದು ಮಳೆಗಾಲ ಬಂದುಹೋಗುತ್ತದೆ. ಜೂನ್ ಎರಡನೇ ವಾರ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಇಬ್ಬರು ಸದಸ್ಯರು ಹೋಗಿ ಗಟಾರದ ಕೀಲು, ಗೋಡೆಯ ತೂತು, ಒಡ್ಡಿನ ನೆತ್ತಿ ನೋಡಿ ಸಣ್ಣ ಬಿರುಕಿಗೆ ಆಗಲೇ ಗಾರೆ ತುಂಬಿ ಫೋಟೊ ಇಟ್ಟುಕೊಳ್ಳಲಿ. ಅವಧಿ ಮುಗಿದ ದಿನವನ್ನು ಸಂಘದ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಂತಿಮ ಬಿಲ್ಲಿನ ಪ್ರತಿ, ಮುಕ್ತಾಯ ಪ್ರಮಾಣಪತ್ರ, ಆ ಫೋಟೊಗಳ ಜತೆ ಠೇವಣಿ ವಾಪಸಾತಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮುಂದಿನ ಕಾಮಗಾರಿಯ ಮೊದಲ ಶನಿವಾರಕ್ಕೆ ಆ 20,000 ರೂ. ಬೇಕಾಗುತ್ತದೆ.